ಬಾಗಿಲಲ್ಲಿ ನಿಂತವರು



ಕಫೆರ್ನವುಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಯೇಸುಸ್ವಾಮಿಯ ಬಳಿಗೆ ಹೊತ್ತು ತಂದರು. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಮಾಳಿಗೆಯನ್ನೇ ತೆಗೆದು ಕೆಳಗಿಳಿಸಿದರು (ಮಾರ್ಕ 2:1-5). ಆ ನಾಲ್ವರನ್ನು ಹೊಗಳುತ್ತೇವೆ. ಬಾಗಿಲಲ್ಲಿ ನಿಂತಿದ್ದವರನ್ನು ಮರೆಯುತ್ತೇವೆ. ಅವರೂ ದೇವರ ವಾಕ್ಯ ಕೇಳಲು ಬಂದವರೇ. ಆದರೆ ದಾರಿ ಬಿಡಲಿಲ್ಲ.

ಇಂದು ನಡೆಯಲಾಗದವರು ಹೊರಗೆ ಬರಲು ನಾಲ್ವರ ಹೆಗಲು ಬೇಕೆಂದಿಲ್ಲ. ಹಿಂಬದಿಗೆ ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರನ್ನು ನಮ್ಮ ರಾಜ್ಯ ಸರಕಾರವು ಅರ್ಹ ಅಂಗವಿಕಲರಿಗೆ ಕೊಡುತ್ತದೆ. ವಿವರವನ್ನು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ ಕೇಳಬಹುದು.

ಶಲವಡಿಯ ಕಡೆ ಎರೆಮಣ್ಣು. ಮಳೆಯಾದರೆ ಗಾಲಿ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಮಣ್ಣು ದಾರಿ ಬಿಡುತ್ತದೆ, ನಾವು ಬಿಡುತ್ತೇವೆಯೇ? ಅಂಗಡಿಯ ಮುಂದೆ ಬೈಕು ಅಡ್ಡ ನಿಲ್ಲಿಸುತ್ತೇವೆ. ಕೇಳದೆ ಅವರ ಗಾಡಿಗೆ ಕೈಹಚ್ಚುತ್ತೇವೆ. ಇಳಿದು ನಾಲ್ಕು ಹೆಜ್ಜೆ ನಡೆದರೆ, 'ಕಾಲು ಚೆನ್ನಾಗಿಯೇ ಇವೆಯಲ್ಲ' ಎಂದು ಅನುಮಾನಿಸುತ್ತೇವೆ. ನಾಲ್ಕು ಹೆಜ್ಜೆ ಹಾಕಬಲ್ಲವರೆಲ್ಲ ನಾನೂರು ಹೆಜ್ಜೆ ಹಾಕಲಾರರು.

ಸಾರ್ವಜನಿಕ ಸ್ಥಳಗಳಿಗೆ ಅಡೆತಡೆಯಿಲ್ಲದೆ ಬರುವುದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಒಪ್ಪಿದ ಹಕ್ಕು, ಭಿಕ್ಷೆಯಲ್ಲ. ನಮ್ಮ ದೇವಾಲಯದ ಮೆಟ್ಟಿಲುಗಳನ್ನೂ ನೋಡೋಣ. ಗಾಲಿಕುರ್ಚಿಗೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಅಪಾಯ.

ಈ ವಾರ ಮಕ್ಕಳೊಡನೆ ಕುಳಿತು ಕೇಳಿಕೊಳ್ಳಿರಿ: ನಮ್ಮ ಬೈಕು ಎಲ್ಲಿ ನಿಲ್ಲುತ್ತದೆ? ಯಾರ ದಾರಿಯಲ್ಲಿ? ಮಾಳಿಗೆ ತೆಗೆಯುವ ಶಕ್ತಿ ಎಲ್ಲರಿಗೂ ಇರಲಾರದು. ಪಕ್ಕಕ್ಕೆ ಸರಿಯುವುದು ಎಲ್ಲರಿಂದಲೂ ಸಾಧ್ಯ.