ಕಾಫಿಗೆ ತುಂತುರು ನೀರು: ಪೈಪು ಕೊಳ್ಳುವ ಮೊದಲು ಕೆರೆ ಅಳೆಯಿರಿ

ಹುದಿಕೇರಿಯ ಸುತ್ತಿನಲ್ಲಿ ಮಳೆಗಾಲದಲ್ಲಿ ನೀರು ಹೆಚ್ಚಾಗಿ ತೊಂದರೆ. ಫೆಬ್ರವರಿ ಬಂತೆಂದರೆ ನೀರಿಲ್ಲದೆ ತೊಂದರೆ. ರೊಬಸ್ಟಾ ಕಾಫಿಯ ಫಸಲು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಎರಡನೆಯ ಕಾಲದಲ್ಲಿಯೇ. ತೋಟಗಾರರು ಬ್ಲಾಸಂ ಶವರ್ ಎನ್ನುವ ಹೂಮಳೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಬರಬೇಕು. ಅದಾದ 15-20 ದಿನಗಳಲ್ಲಿ ಕಾಯಿ ಕಚ್ಚಿ ನಿಲ್ಲಲು ಇನ್ನೊಂದು ಮಳೆ, ಅಂದರೆ ಬ್ಯಾಕಿಂಗ್ ಶವರ್ ಬೇಕು. ಮುಗಿಲನ್ನು ನಂಬಿ ಕೂರಲಾರದ ಸಣ್ಣ ಬೆಳೆಗಾರರು ತಾವೇ ತುಂತುರು ನೀರಾವರಿಯನ್ನು ಅಳವಡಿಸಿಕೊಳ್ಳಬಹುದು. ಆದರೆ ಅನೇಕರು ಮೊದಲು ಪಂಪು, ಪೈಪುಗಳನ್ನು ಕೊಂಡು, ಆಮೇಲೆ ನೀರಿನ ಲೆಕ್ಕ ಹಾಕುತ್ತಾರೆ. ಈ ಕ್ರಮ ಸರಿಯಲ್ಲ.

ಕಾರಣವಿಷ್ಟೆ. ಅರೆಬರೆ ನೀರು ಸಿಕ್ಕ ಮೊಗ್ಗು ಉಬ್ಬುತ್ತದೆ, ಆದರೆ ಪೂರ್ತಿ ಬಿರಿಯುವುದಿಲ್ಲ. ಗುಲಾಬಿ ಬಣ್ಣಕ್ಕೆ ತಿರುಗಿ ಒಣಗುತ್ತದೆ. ನೀರೇ ಕಾಣದ ಮೊಗ್ಗಾದರೆ ತಡವಾಗಿ ಬರುವ ಮಳೆಗೆ ಕಾಯಬಲ್ಲದು. ಅರ್ಧ ಎಚ್ಚೆತ್ತ ಮೊಗ್ಗಿಗೆ ಆ ಅವಕಾಶವಿಲ್ಲ. ಆದುದರಿಂದ ನಾಲ್ಕು ಎಕರೆಗೆ ಮುಕ್ಕಾಲು ಅಂಗುಲ ನೀರನ್ನು ಹಂಚುವುದಕ್ಕಿಂತ ಎರಡು ಎಕರೆಗೆ ಒಂದೂವರೆ ಅಂಗುಲ ಕೊಡುವುದು ಲೇಸು.

ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು 1,03,000 ಲೀಟರ್. ಹೂವಿಗೆ ಒಂದೂವರೆ ಅಂಗುಲ, ಬ್ಯಾಕಿಂಗಿಗೆ ಒಂದು ಅಂಗುಲ, ಒಟ್ಟು ಎಕರೆಗೆ ಎರಡೂವರೆ ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಇನ್ನು ನಿಮ್ಮ ಕೆರೆಯನ್ನು ಅಳೆಯಿರಿ. ಗದ್ದೆಯ ತಲೆಯಲ್ಲಿರುವ ಕೆರೆಯ ದಂಡೆಗಳು ಇಳಿಜಾರಾಗಿರುವುದರಿಂದ ಮೇಲಿನ ಮತ್ತು ತಳದ ಅಳತೆಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಸರಾಸರಿ 30 ಮೀಟರ್ ಉದ್ದ, 15 ಮೀಟರ್ ಅಗಲ, 2 ಮೀಟರ್ ಆಳ ನೀರಿದ್ದರೆ 9 ಲಕ್ಷ ಲೀಟರ್ ಆಯಿತು. ಇಂಗುವುದು, ಆವಿಯಾಗುವುದು, ತಳದ ಕೆಸರು ಇವುಗಳಿಗೆ ಕಾಲು ಭಾಗ ಕಳೆದರೆ ಉಳಿದದ್ದು ಪೌಣೇ ಏಳು ಲಕ್ಷ. ಅದು ಎರಡೂವರೆ ಎಕರೆಗೆ ಸಾಕು, ನಾಲ್ಕು ಎಕರೆಗೆ ಸಾಲದು. ಬೇಸಿಗೆಯಲ್ಲಿಯೂ ಒರತೆಯಿರುವ ಕೆರೆಯಾದರೆ ಆ ಲೆಕ್ಕ ಬೇರೆ. ಹರಿಯುವ ತೊರೆಯಿಂದ ಎತ್ತುವವರು ಕೆಳಗಿನವರ ಕುಡಿಯುವ ನೀರನ್ನು ಮರೆಯಬಾರದು.

ಈಗ ಸಾಮಗ್ರಿಯ ವಿಚಾರ. ಗಂಟೆಗೆ 1,800 ಲೀಟರ್ ಚಿಮ್ಮಿಸುವ ಆರು ಸ್ಪ್ರಿಂಕ್ಲರುಗಳನ್ನು 12 ಮೀಟರಿಗೊಂದರಂತೆ ಒಂದು ಸಾಲಿನಲ್ಲಿ ನಿಲ್ಲಿಸಿ, ಸಾಲನ್ನೂ ಪ್ರತಿ ಬಾರಿ 12 ಮೀಟರ್ ಸರಿಸಿದರೆ ಗಂಟೆಗೆ ಅರ್ಧ ಅಂಗುಲ ನೀರು ಬೀಳುತ್ತದೆ. ಮೂರು ಗಂಟೆಗೆ ಒಂದೂವರೆ ಅಂಗುಲ. ದಿನಕ್ಕೆ ಮೂರು ಸಲ ಸಾಲು ಬದಲಿಸಿದರೆ ಎರಡೂವರೆ ಎಕರೆ ನಾಲ್ಕು ದಿನದ ಕೆಲಸ. ಸ್ಪ್ರಿಂಕ್ಲರಿಗೆ 25 ಮೀಟರ್ ಒತ್ತಡ, ಕೆರೆಯಿಂದ 20 ಮೀಟರ್ ಏರು, ಪೈಪಿನ ಘರ್ಷಣೆ ಮತ್ತು ನಿಲುವು ಪೈಪಿಗೆ ಹತ್ತು ಹನ್ನೊಂದು ಮೀಟರ್ ಎಂದಿಟ್ಟುಕೊಂಡರೆ 5 ಅಶ್ವಶಕ್ತಿಯ ಪಂಪು ಬೇಕಾಗುತ್ತದೆ. ಏರು ಹೆಚ್ಚಿದ್ದಲ್ಲಿ ಇದು ಸಾಲದು. ಅಂಗಡಿಯವರ ಮಾತಿಗೆ ಬಿಡದೆ ನೀವೇ ಏರನ್ನು ಅಳೆದುಕೊಂಡು ಹೋಗಿ.

ಮುಖ್ಯ ಪೈಪು ಗುಡ್ಡದ ಏರಿಗೆ ನೇರವಾಗಿರಲಿ, ಸ್ಪ್ರಿಂಕ್ಲರ್ ಸಾಲು ಇಳಿಜಾರಿಗೆ ಅಡ್ಡಲಾಗಿರಲಿ. ಸಾಲಿನ ಒಂದು ತುದಿ ಇನ್ನೊಂದಕ್ಕಿಂತ 5 ಮೀಟರಿಗೂ ಕೆಳಗಿದ್ದರೆ ಕೆಳಗಿನ ಗಿಡಗಳಿಗೆ ಹೆಚ್ಚು, ಮೇಲಿನವಕ್ಕೆ ಕಡಿಮೆ ಬೀಳುತ್ತದೆ. ನಿಲುವು ಪೈಪು ಗಿಡದ ನೆತ್ತಿಗಿಂತ ಒಂದೆರಡು ಅಡಿ ಎತ್ತರವಿದ್ದು ಮುಕ್ಕಾಲಿಯ ಮೇಲೆ ಅಲುಗದಂತಿರಬೇಕು. ನೆರಳು ಮರದ ಕಾಳುಮೆಣಸು ಬಳ್ಳಿಗೆ ನೀರು ಹತ್ತಿರದಿಂದ ಹೊಡೆಯದ ಹಾಗೆ ಜಾಗ ಆರಿಸಿ. ಫುಟ್‌ವಾಲ್ವಿಗೆ ಬುಟ್ಟಿ ಕಟ್ಟಿದರೆ ತರಗೆಲೆ ಒಳಗೆ ಹೋಗುವುದಿಲ್ಲ. ಮೊದಲ ಸಲ ಸಾಲಿನ ಕೊನೆಯ ಮುಚ್ಚಳ ತೆಗೆದು ಐದು ನಿಮಿಷ ನೀರು ಹರಿಸಿ ಪೈಪು ತೊಳೆದು, ಆಮೇಲೆ ಸ್ಪ್ರಿಂಕ್ಲರ್ ಕೂರಿಸಿ. ವಾಲ್ವನ್ನು ನಿಧಾನವಾಗಿ ತಿರುಗಿಸಬೇಕು.

ಒಂದು ಎಚ್ಚರಿಕೆ. ಅಲ್ಯೂಮಿನಿಯಂ ಪೈಪು 20 ಅಡಿ ಉದ್ದ. ಅದನ್ನು ನೆಟ್ಟಗೆ ಎತ್ತಿದಾಗ ಮೇಲಿನ ವಿದ್ಯುತ್ ತಂತಿಗೆ ತಗುಲಿ ತೋಟಗಳಲ್ಲಿ ಜೀವಗಳು ಹೋಗಿವೆ. ಇಬ್ಬರು ಹಿಡಿದು ಅಡ್ಡಲಾಗಿಯೇ ಸಾಗಿಸಲಿ. ತಂತಿ ಹಾದುಹೋದ ಪಟ್ಟಿಯನ್ನು ಕೆಲಸದವರಿಗೆ ಮೊದಲೇ ನಡೆದು ತೋರಿಸಿ. ಗಾಳಿಯಿಲ್ಲದ ರಾತ್ರಿ ನೀರು ಬಿಡುವುದು ಒಳ್ಳೆಯದೆನ್ನುತ್ತಾರೆ, ನಿಜ. ಆದರೆ ಆನೆ ಓಡಾಡುವ ತೋಟದಲ್ಲಿ ಕತ್ತಲೆಯಲ್ಲಿ ಪೈಪು ಬದಲಿಸಲು ಯಾರನ್ನೂ ಕಳುಹಿಸಬಾರದು.

ಪರೀಕ್ಷೆಗೆ ದುಡ್ಡು ಬೇಕಿಲ್ಲ. ಸ್ಪ್ರಿಂಕ್ಲರಿನ ಬಾಯಿಗೆ ರಬ್ಬರ್ ಕೊಳವೆ ತೊಡಿಸಿ 20 ಲೀಟರ್ ಬಕೆಟ್ ಹಿಡಿಯಿರಿ. 40 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1,800 ಲೀಟರ್ ಸರಿ. ಸಾಲಿನ ಮೊದಲ ಮತ್ತು ಕೊನೆಯ ಸ್ಪ್ರಿಂಕ್ಲರ್ ಎರಡನ್ನೂ ನೋಡಬೇಕು. ಆಮೇಲೆ ಒಂದೇ ಅಳತೆಯ ನೇರ ಗೋಡೆಯ ಹತ್ತು ಡಬ್ಬಗಳನ್ನು ಗಿಡಗಳ ನಡುವೆ ಇಟ್ಟು, ನೀರು ನಿಲ್ಲಿಸಿದ ಮೇಲೆ ಸ್ಕೇಲಿನಿಂದ ಅಳೆಯಿರಿ. ಸಾಲನ್ನು ಸರಿಸಿದಾಗ ಪಕ್ಕದ ಸಾಲಿನ ನೀರೂ ಸೇರುವುದರಿಂದ ಎರಡು ಸಾಲುಗಳ ನಡುವಿನ ಡಬ್ಬಗಳನ್ನು ಎರಡನೆಯ ಸಲ ಮುಗಿದ ಮೇಲೆಯೇ ನೋಡತಕ್ಕದ್ದು. ಸುಮಾರು 37 ಮಿಲಿಮೀಟರ್ ಇರಬೇಕು. ವೋಲ್ಟೇಜು ಇಳಿದು ಪಂಪು ನಿಧಾನವಾದ ದಿನ ಗಡಿಯಾರ ನೋಡಿ ನೀರು ನಿಲ್ಲಿಸಿದರೆ ಮೋಸವಾಗುತ್ತದೆ, ಡಬ್ಬ ನೋಡಿ ನಿಲ್ಲಿಸಿ.

ನೀರು ಕೊಟ್ಟ ಏಳೆಂಟು ದಿನಕ್ಕೆ ಹೂ ಬಿರಿಯುತ್ತದೆ. ರೊಬಸ್ಟಾಕ್ಕೆ ಪರಕೀಯ ಪರಾಗಸ್ಪರ್ಶ ಬೇಕು, ಗಾಳಿ ಮತ್ತು ಜೇನಿನ ಕೆಲಸ ಅದು. ಹೂ ಬಿರಿದ ದಿನಗಳಲ್ಲಿ ಸ್ಪ್ರಿಂಕ್ಲರ್ ಹಾಕಕೂಡದು, ಔಷಧಿ ಸಿಂಪಡಣೆಯೂ ಬೇಡ. ನಡುವೆ ಒಳ್ಳೆಯ ಮಳೆ ಬಂದರೆ ಬ್ಯಾಕಿಂಗಿನ ನೀರು ಕೆರೆಯಲ್ಲಿಯೇ ಉಳಿಯಲಿ. ಬಳಕೆ ಮುಗಿದ ಮೇಲೆ ಕಪ್ಲಿಂಗಿನ ರಬ್ಬರ್ ವಾಷರುಗಳನ್ನು ಬಿಚ್ಚಿ ತೊಳೆದು ಇಲಿ ಮುಟ್ಟದ ಡಬ್ಬದಲ್ಲಿಡಿ, ಪೈಪುಗಳನ್ನು ನೆರಳಿನಲ್ಲಿ ಅಟ್ಟಣಿಗೆಯ ಮೇಲೆ ಜೋಡಿಸಿ.