ನಮ್ಮ ರೊಟ್ಟಿ, ಲೋಕದ ರೊಟ್ಟಿ

ಸಾರವಾಡ ಡೋಣಿ ಹೊಳೆಯ ದಂಡೆಯ ಊರು. ಬಬಲೇಶ್ವರ ತಾಲೂಕು, ವಿಜಯಪುರ ಜಿಲ್ಲೆ. ಇಲ್ಲಿಯದು ಎರಿ ಭೂಮಿ. ಕರಿ ಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಹಸಿಯ ಮೇಲೆ ಹಿಂಗಾರಿ ಬಿಳಿ ಜೋಳ ಬೆಳೆಯುತ್ತದೆ. "ಡೋಣಿ ಹರಿದರೆ ಓಣೆಲ್ಲ ಜೋಳ" ಎಂದು ಹಿರಿಯರು ಹೇಳುತ್ತಾರೆ.

ಮನೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಈ ರೊಟ್ಟಿ ನಮ್ಮಲ್ಲಿ ಮಾತ್ರ ಇದೆಯೇ? ಬೇರೆ ದೇಶದವರು ಏನು ಉಣ್ಣುತ್ತಾರೆ? ಅವರಿಂದ ನಾವು ಕಲಿಯುವುದು ಏನಿದೆ? ಬನ್ನಿ, ತಿಳಿಯೋಣ.

ದೂರದ ದೇಶದ ಅಡಿಗೆ ಮನೆ

ಆಫ್ರಿಕಾ ಖಂಡದಲ್ಲಿ ಸುಡಾನ್ ಎಂಬ ದೇಶ ಇದೆ. ನಮ್ಮ ಜೋಳದ ತವರು ಮನೆ ಆ ಕಡೆಯೇ. ಸುಮಾರು 5,000 ವರ್ಷಗಳ ಹಿಂದೆ ಅಲ್ಲಿಯ ಜನ ಜೋಳ ಬೆಳೆಯಲು ಕಲಿತರು. ಅಲ್ಲಿಂದ ಜೋಳ ನಮ್ಮ ದೇಶಕ್ಕೆ ಬಂತು. ಸುಡಾನಿನ ಹೆಂಗಸರು ಜೋಳದ ಹಿಟ್ಟು ಕಲಸಿ ಹುಳಿ ಬರಿಸುತ್ತಾರೆ. ಕಾದ ಹಂಚಿನ ಮೇಲೆ ಅದನ್ನು ತೆಳ್ಳಗೆ ಎಳೆಯುತ್ತಾರೆ. ಇದರ ಹೆಸರು ಕಿಸ್ರಾ. ನಾವು ಬಡಿಯುತ್ತೇವೆ, ಅವರು ಎಳೆಯುತ್ತಾರೆ. ಕಾಳು ಮಾತ್ರ ಒಂದೇ.

ಸುಡಾನಿನ ನೆರೆಯ ದೇಶ ಇಥಿಯೋಪಿಯ. ಅಲ್ಲಿ ಟೆಫ್ ಎಂಬ ಕಾಳು ಬೆಳೆಯುತ್ತಾರೆ. ಅದು ರಾಗಿಗಿಂತ ಸಣ್ಣದು. ಅದರ ಹಿಟ್ಟನ್ನೂ ಹುಳಿ ಬರಿಸಿ, ದೊಡ್ಡ ದೋಸೆಯಂಥ ಇಂಜೆರಾ ಮಾಡುತ್ತಾರೆ. ಅದರ ಮೇಲೆ ಬೇಳೆ, ಸೊಪ್ಪು, ಪಲ್ಯ ಬಡಿಸುತ್ತಾರೆ. ಮನೆಯವರೆಲ್ಲ ಒಂದೇ ತಾಟಿನ ಸುತ್ತ ಕುಳಿತು ಉಣ್ಣುತ್ತಾರೆ.

ಸಮುದ್ರದ ಆಚೆ ಮೆಕ್ಸಿಕೋ ದೇಶ ಇದೆ. ಅಲ್ಲಿಯದು ಗೋವಿನಜೋಳದ ರೊಟ್ಟಿ. ಹೆಸರು ಟೋರ್ಟಿಯಾ. ಅವರು ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ನೆನೆಸಿ, ತೊಳೆದು ಬೀಸುತ್ತಾರೆ. ಇದರಿಂದ ಕಾಳಿನೊಳಗಿನ ಸತ್ವ ಬಿಡುಗಡೆ ಆಗುತ್ತದೆ. ಆ ರೊಟ್ಟಿಗೆ ಬೇಯಿಸಿದ ಹುರುಳಿಕಾಯಿ ಬೀಜ ಹಚ್ಚಿಕೊಂಡು ಉಣ್ಣುತ್ತಾರೆ.

ದೇಶ ಬೇರೆ, ಭಾಷೆ ಬೇರೆ. ಆದರೆ ಒಳ್ಳೆಯ ಊಟದ ಲೆಕ್ಕ ಎಲ್ಲ ಕಡೆ ಒಂದೇ. ರೊಟ್ಟಿಯ ಜೊತೆ ಬೇಳೆ ಅಥವಾ ಕಾಳು ಬೇಕು. ಸೊಪ್ಪು ಇಲ್ಲವೆ ಕಾಯಿಪಲ್ಯ ಬೇಕು.

ನಮ್ಮ ಒಲೆಗೆ ಬಂದ ಬೀಗರು

ಖಾರ ಇಲ್ಲದ ಊಟ ನಮಗೆ ರುಚಿಸುವುದಿಲ್ಲ. ಆದರೆ ಮೆಣಸಿನಕಾಯಿ ಮೊದಲು ನಮ್ಮ ದೇಶದಲ್ಲಿ ಇರಲಿಲ್ಲ. ಕರಿಮೆಣಸು ಇತ್ತು. ಮೆಣಸಿನಕಾಯಿ, ಶೇಂಗಾ, ಟಮಾಟಿ, ಬಟಾಟಿ, ಗೋವಿನಜೋಳ ಇವೆಲ್ಲ ಅಮೆರಿಕಾ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ. ಆಮೇಲೆ ಈ ಬೆಳೆಗಳು ಹಡಗು ಹತ್ತಿ ಲೋಕ ತಿರುಗಿದವು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅದಕ್ಕೂ ಮೊದಲು ಗೋವಾ ವಿಜಯಪುರದ ಆದಿಲ್‌ಶಾಹಿ ಅರಸರ ಕೈಯಲ್ಲಿತ್ತು. ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. "ಬಟಾಟಿ" ಎಂಬ ಮಾತು ಕೂಡ ಅವರ ಭಾಷೆಯದೇ.

ನೋಡಿ, ಶೇಂಗಾ ಹಿಂಡಿಯಲ್ಲಿ ಶೇಂಗಾ ಹೊರಗಿನದು, ಖಾರ ಹೊರಗಿನದು. ಕೈ ಮಾತ್ರ ನಮ್ಮದು. ನಮ್ಮ ಹಿರಿಯರು ಹೊಸದನ್ನು ಒಪ್ಪಿಕೊಂಡರು. ಆದರೆ ಜೋಳ ಬಿಡಲಿಲ್ಲ.

ಜೋಳ ಬಡವರ ಊಟವೇ?

"ರೊಟ್ಟಿ ಬಡವರದು, ಅನ್ನ ಶ್ರೀಮಂತರದು" ಎಂದು ಕೆಲವರು ತಿಳಿದಿದ್ದಾರೆ. ಲೆಕ್ಕ ನೋಡಿ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣದ ಅಂಶ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಜೋಳದಲ್ಲಿ ನಾರೂ ಹೆಚ್ಚು. ಭಾರತ ಕೇಳಿಕೊಂಡಿದ್ದರಿಂದ ವಿಶ್ವಸಂಸ್ಥೆ 2023ನೇ ವರ್ಷವನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತು. ಜೋಳ, ಸಜ್ಜೆ, ರಾಗಿ ಆ ಸಾಲಿನಲ್ಲಿವೆ.

ಹಾಗಾದರೆ ಬರೀ ರೊಟ್ಟಿ ಸಾಕೇ? ಸಾಲದು. ಹಿಂದೆ ಬರೀ ಜೋಳದ ಮೇಲೆ ಬದುಕಿದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಂಡಿತು. ಕೈ, ಕಾಲು, ಕೊರಳಿನ ಚರ್ಮ ಕಪ್ಪಾಗಿ ಒಡೆಯುತ್ತಿತ್ತು. ಭೇದಿ ಆಗುತ್ತಿತ್ತು. ಹೈದರಾಬಾದಿನ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು 1960ರ ಸುಮಾರಿಗೆ ಇದನ್ನು ಅಭ್ಯಾಸ ಮಾಡಿದರು. ಜೋಳ ಕೆಟ್ಟದ್ದಲ್ಲ, ಒಂಟಿ ಜೋಳ ಸಾಲದು. ಬೇಳೆ, ಸೊಪ್ಪು, ಹಾಲು, ಮೊಸರು ಜೊತೆಗೆ ಬೇಕು.

ಒಂದು ಮನೆಯ ಮಾತು

ಒಂದು ಮನೆಯಲ್ಲಿ ಸೊಸೆ ಬಸುರಿ. ಈಗ ಐದು ತಿಂಗಳು. ಕೊಡ ಎತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತದೆ. ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ 8 ಗ್ರಾಂ ಇತ್ತು. ಬಸುರಿಗೆ ಅದು 11 ಗ್ರಾಂ ಆದರೂ ಇರಬೇಕು. ಅಂಗನವಾಡಿ ಅಕ್ಕೋರು ಮನೆಗೆ ಬಂದರು.

"ಯಾಕ ತಂಗಿ, ಮುಖ ಬಿಳಚೈತಿ. ಏನೇನು ಉಣ್ತಿ?"

"ಮುಂಜಾನೆ ಚಾ, ಬಿಸ್ಕೀಟ್ ರೀ. ಮಧ್ಯಾಹ್ನ ಎಲ್ಲಾರದೂ ಆದ ಮ್ಯಾಲ ಉಳಿದಿದ್ದು ಉಣ್ತೀನ್ರಿ. ಆಮ್ಯಾಲ ಮತ್ತ ಚಾ."

"ಉಳಿದಿದ್ದು ಅಂದ್ರ ಏನು?"

"ಅನ್ನ, ತಿಳಿ ಸಾರು. ಕಾಳು, ಪಲ್ಯಾ ಗಂಡಸರಿಗೆ, ಹುಡುಗರಿಗೆ ಆಗ್ತಾವ್ರಿ."

ಅತ್ತೆ ನಡುವೆ ಮಾತಾಡಿದಳು. "ನಾವೂ ಹಿಂಗ ಉಂಡು ಬಂದೇವ್ರಿ ಅಕ್ಕೋರ. ನಾಕು ಹಡದೀನಿ." ಸ್ವಲ್ಪ ಹೊತ್ತು ಸುಮ್ಮನಾದಳು. "ಎರಡು ಕೈಗೆ ಹತ್ತಲಿಲ್ಲ" ಎಂದಳು.

ಅಕ್ಕೋರು ಅವಳ ಕೈ ಹಿಡಿದರು. "ಅದು ನಿಮ್ಮ ತಪ್ಪಲ್ಲ ಯಮ್ಮಾ. ಆಗ ಹೇಳಾವ್ರು ಇರಲಿಲ್ಲ. ಕೂಸು ತಾಯಿ ರಕ್ತದಿಂದನ ಬೆಳೀತೈತಿ. ಈಕಿ ಉಳಿದಿದ್ದು ಉಂಡ್ರ ಇಬ್ಬರು ಅರೆಹೊಟ್ಟಿ ಇದ್ದಂಗ."

"ಹಂಗಾರ ಪ್ಯಾಟಿಯಿಂದ ಏನ ತರಬೇಕ್ರಿ? ಡಬ್ಬಿ ಪುಡಿ ತರೂಣೇನ್ರಿ?"

"ಡಬ್ಬಿ ಪುಡಿ ಬ್ಯಾಡ. ರೊಟ್ಟಿ, ಮಡಿಕಿ ಕಾಳು, ಪುಂಡಿ ಪಲ್ಯಾ, ಶೇಂಗಾ ಹಿಂಡಿ, ಲಿಂಬಿಹಣ್ಣು ಇದ್ರ ಸಾಕು. ಆದ್ರ ರಕ್ತ ಭಾಳ ಕಡಿಮಿ ಐತಿ. ಬರೀ ಊಟದಿಂದ ತುಂಬೂದಿಲ್ಲ. ಡಾಕ್ಟರ್ ಕೊಟ್ಟ ಕಬ್ಬಿಣದ ಗುಳಿಗಿ ದಿನಾ ತಗೋಬೇಕು. ಅವರು ಹೇಳಿದಾಗ ಮತ್ತ ರಕ್ತ ತೋರಸಬೇಕು."

"ಗುಳಿಗಿ ತಗೊಂಡ್ರ ಹೊರಕಡಿ ಕರ್ರಗ ಆಗ್ತೈತ್ರಿ. ಅಂಜಿ ಬಿಟ್ಟೀನಿ" ಎಂದಳು ಸೊಸೆ.

"ಅಂಜಬ್ಯಾಡ ತಂಗಿ. ಗುಳಿಗಿ ತಗೊಂಡ್ರ ಹಂಗ ಆಗೂದ. ಚಾದ ಜೊತಿ ಮಾತ್ರ ನುಂಗಬ್ಯಾಡ."

ಅಂದು ಮಧ್ಯಾಹ್ನ ಅತ್ತೆ ಎರಡು ತಾಟು ಹಾಕಿದಳು. "ಬಾರವ್ವಾ, ನನ್ನ ಮಗ್ಗಲಕ ಕುಂತು ಉಣ್ಣು" ಎಂದು ಸೊಸೆಯನ್ನು ಕರೆದಳು.

ಇದು ಒಂದು ಮನೆಯ ಕಥೆ ಅಲ್ಲ. 2019-21ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು.

ನೆನಪಿಡಿ

1. ಕಾಳನ್ನು ನೆನೆಸಿ, ಮೊಳಕೆ ಬರಿಸಿ. ಕಾಳಿನಲ್ಲಿ ಕಬ್ಬಿಣವನ್ನು ಕಟ್ಟಿಹಾಕುವ ಅಂಶ ಇದೆ. ನೆನೆಸಿದರೆ, ಮೊಳಕೆ ಬಂದರೆ, ಹಿಟ್ಟು ಹುಳಿ ಬಂದರೆ ಅದು ಕಡಿಮೆ ಆಗುತ್ತದೆ. ಸುಡಾನಿನ ಹುಳಿ ಹಿಟ್ಟಿನ ಗುಟ್ಟು ಇದೇ.
2. ಊಟದ ಜೊತೆ ಲಿಂಬೆ ಹಿಂಡಿಕೊಳ್ಳಿ. ಹುಳಿ ಹಣ್ಣಿನ ಸಿ ಜೀವಸತ್ವ ಕಬ್ಬಿಣವನ್ನು ರಕ್ತಕ್ಕೆ ಸೇರಿಸುತ್ತದೆ. ನಮ್ಮ ಇಂಡಿಯ ಲಿಂಬೆ ಇರುವಾಗ ಚಿಂತೆ ಏಕೆ?
3. ಊಟ ಆದ ಕೂಡಲೇ ಚಹಾ ಕುಡಿಯಬೇಡಿ. ಒಂದು ತಾಸು ಬಿಡಿ. ಚಹಾ ಕಬ್ಬಿಣವನ್ನು ಸೇರಗೊಡುವುದಿಲ್ಲ.
4. ಸೊಪ್ಪನ್ನು ಮೊದಲು ತೊಳೆಯಿರಿ, ಆಮೇಲೆ ಹೆಚ್ಚಿರಿ. ಬೇಯಿಸಿದ ನೀರು ಚೆಲ್ಲಬೇಡಿ.
5. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಇರಲಿ. ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿತು. ಅಯೋಡಿನ್ ಇರುವ ಉಪ್ಪನ್ನೇ ಕೊಳ್ಳಿ.
6. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಮಾಡಿ ನೋಡಿ: ಮೊಳಕೆ ಮಡಿಕೆ ಕಾಳಿನ ಪಲ್ಯ

ಒಂದು ಬಟ್ಟಲು ಮಡಿಕೆ ಕಾಳು ಆರಿಸಿ, ತೊಳೆದು ರಾತ್ರಿ ನೆನೆ ಇಡಿ. ಮುಂಜಾನೆ ನೀರು ಬಸಿಯಿರಿ. ಹಸಿ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನ ಮೊಳಕೆ ಬಂದಿರುತ್ತದೆ. ಕಬ್ಬಿಣದ ಬಾಣಲಿಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ. ಸಾಸಿವೆ, ಜೀರಿಗೆ, ಬಳ್ಳೊಳ್ಳಿ, ಉಳ್ಳಾಗಡ್ಡಿ ಹಾಕಿ. ಅರಿಸಿನ, ಖಾರ, ಉಪ್ಪು, ಕಾಳು ಹಾಕಿ ಕಲಸಿ. ಸ್ವಲ್ಪ ನೀರು ಹಾಕಿ, ಮುಚ್ಚಿ ಬೇಯಿಸಿ. ಇಳಿಸಿದ ಮೇಲೆ ಕೊತ್ತಂಬರಿ ಉದುರಿಸಿ, ಲಿಂಬೆ ಹಿಂಡಿ. ಬಿಸಿ ರೊಟ್ಟಿ, ಮೆಂತ್ಯ ಸೊಪ್ಪು, ಮೊಸರಿನ ಜೊತೆ ಉಣ್ಣಿ.

ಉತ್ತರ ಹೇಳಿ

1. ಜೋಳದ ತವರು ಯಾವ ಖಂಡ?
2. ಸೊಸೆಗೆ ರಕ್ತ ಏಕೆ ಕಡಿಮೆ ಆಯಿತು? ಎರಡು ಕಾರಣ ಹೇಳಿ.
3. ಊಟದ ಜೊತೆ ಲಿಂಬೆ ಏಕೆ ಬೇಕು?

ಬರೆಯಿರಿ

ನಿನ್ನೆ ನಿಮ್ಮ ಮನೆಯಲ್ಲಿ ಏನು ಅಡಿಗೆ ಆಗಿತ್ತು? ಎಲ್ಲರಿಗಿಂತ ಕೊನೆಗೆ ಉಂಡವರು ಯಾರು? ಅವರ ತಾಟಿನಲ್ಲಿ ಏನೇನು ಇತ್ತು? ಮೂರು ಸಾಲು ಬರೆದು, ಮನೆಯವರ ಮುಂದೆ ಓದಿ ಹೇಳಿ.