ಮೊದಲು ಪ್ರಶ್ನೆ ಕೇಳುವವರ ಕೈಗೆ ಲೆಕ್ಕ ಕೊಡಿ

ಪ್ರಶ್ನೆ: ನಾನು ಮೈಸೂರಿನವಳು. ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಹದಿನಾಲ್ಕು ವರ್ಷವಾಯಿತು. ಗ್ರೀನ್ ಕಾರ್ಡ್ ಬಂದ ಮೇಲೆ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಸಂಗೀತ ಪಾಠ ಶುರುಮಾಡಿದ್ದೇನೆ. ಇಷ್ಟು ದಿನ ನಮ್ಮ ಮನೆಯವರೇ ಕಂಪ್ಯೂಟರಿನಲ್ಲಿ ಟ್ಯಾಕ್ಸ್ ರಿಟರ್ನ್ ತುಂಬುತ್ತಿದ್ದರು. ಅವರ ಕೆಲಸ ನ್ಯೂಯಾರ್ಕಿನಲ್ಲಿ. ಈಗ ಒಬ್ಬ ಸಿಪಿಎ (ಲೈಸೆನ್ಸ್ ಇರುವ ಅಕೌಂಟೆಂಟ್) ಬೇಕೇ ಬೇಕು ಎನ್ನುತ್ತಿದ್ದಾರೆ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಎಂಟು ಹೆಸರು ಬಂತು. ಯಾರನ್ನು ನಂಬುವುದು? ಹತ್ತಿರದಲ್ಲೇ ಇರುವವರಾಗಬೇಕೆ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಆ ಎಂಟು ಮಂದಿಯೂ ಸಿಪಿಎಗಳೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಅಮೆರಿಕದಲ್ಲಿ ಹಣ ಪಡೆದು ಇನ್ನೊಬ್ಬರ ರಿಟರ್ನ್ ತುಂಬಲು ಕೇಂದ್ರ ಸರ್ಕಾರದ ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ. ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ಪಿಟಿಐಎನ್ ಎಂಬ ಸಂಖ್ಯೆ ಇದ್ದರೆ ಸಾಕು. ಸಿಪಿಎ ಆಗುವುದು ಹಾಗಲ್ಲ. ಅವರು ನಾಲ್ಕು ಭಾಗಗಳ ಪರೀಕ್ಷೆ ಪಾಸಾಗಿ, ಅನುಭವ ತೋರಿಸಿ, ರಾಜ್ಯದ ಅಕೌಂಟೆನ್ಸಿ ಮಂಡಳಿಯಿಂದ ಲೈಸೆನ್ಸ್ ಪಡೆದವರು. ತಪ್ಪು ನಡೆದರೆ ಆ ಮಂಡಳಿ ಲೈಸೆನ್ಸ್ ಕಿತ್ತುಕೊಳ್ಳಬಹುದು. ಎನ್‌ರೋಲ್ಡ್ ಏಜೆಂಟ್ ಎಂಬ ಇನ್ನೊಂದು ವರ್ಗವೂ ಇದೆ. ಅವರ ಪರವಾನಗಿ ಕೇಂದ್ರದ್ದು, ಪರಿಣತಿ ತೆರಿಗೆಯದೇ. ನಾಳೆ ಐಆರ್‌ಎಸ್‌ನಿಂದ ನೋಟಿಸ್ ಬಂದರೆ ಈ ಇಬ್ಬರಲ್ಲಿ ಯಾರು ಬೇಕಾದರೂ ನಿಮ್ಮ ಪರವಾಗಿ ನಿಂತು ಉತ್ತರ ಕೊಡಬಲ್ಲರು. ಬರೀ ಪಿಟಿಐಎನ್ ಇರುವವರಿಗೆ ಆ ಹಕ್ಕು ಇಷ್ಟರ ಮಟ್ಟಿಗೆ ಇಲ್ಲ.

ಆದ್ದರಿಂದ ಪ್ರತಿ ಹೆಸರನ್ನೂ ನ್ಯೂಜೆರ್ಸಿ ಅಕೌಂಟೆನ್ಸಿ ಮಂಡಳಿಯ ತಾಣದಲ್ಲಿ ಅಥವಾ ಉಚಿತವಾಗಿ ಸಿಗುವ 'ಸಿಪಿಎ ವೆರಿಫೈ'ಯಲ್ಲಿ ಹುಡುಕಿ. ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಭಾರತದಲ್ಲಿ ಸಿಎ ಮಾಡಿದವರು ಇಲ್ಲಿ ತಾನಾಗಿ ಸಿಪಿಎ ಆಗುವುದಿಲ್ಲ ಎಂಬುದೂ ನೆನಪಿರಲಿ.

ಪಟ್ಟಿ ಹೀಗೆ ಮೂರಕ್ಕೋ ನಾಲ್ಕಕ್ಕೋ ಇಳಿದ ಮೇಲೆ ಒಬ್ಬೊಬ್ಬರ ಹತ್ತಿರವೂ ಅರ್ಧ ಗಂಟೆ ಮಾತಾಡಿ. ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನು ಗಮನವಿಟ್ಟು ಕೇಳಿ. ನಿಮ್ಮ ಲೆಕ್ಕ ಬಲ್ಲವರು ಈ ಮೂರು ವಿಷಯ ಕೇಳದೆ ಬಿಡಲಾರರು.

ಒಂದು, ಪಾಠದ ದುಡ್ಡು ಹೇಗೆ ಬರುತ್ತದೆ? ಮಕ್ಕಳ ತಂದೆತಾಯಿ ಬ್ಯಾಂಕಿನ ಜೆಲ್ (Zelle) ಮೂಲಕ ಕಳಿಸಲಿ, ಲಕೋಟೆಯಲ್ಲಿಟ್ಟು ಕೊಡಲಿ, ಅದು ಆದಾಯವೇ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಉಳಿದರೂ ಮಾಮೂಲಿ ತೆರಿಗೆಯ ಜೊತೆಗೆ ಶೇ. 15.3ರ ದರದಲ್ಲಿ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಬೀಳುತ್ತದೆ. ಸಂಬಳದಲ್ಲಿ ಮುರಿದುಕೊಳ್ಳುವ ಹಾಗೆ ಇದನ್ನು ಯಾರೂ ಮುರಿದುಕೊಳ್ಳುವುದಿಲ್ಲ. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ ತಿಂಗಳ 15ರ ಸುಮಾರಿಗೆ ಕಂತು ಕಟ್ಟಬೇಕಾಗಬಹುದು. ಅದರ ಬದಲು ನಿಮ್ಮ ಮನೆಯವರ ಸಂಬಳದಲ್ಲೇ ಸ್ವಲ್ಪ ಹೆಚ್ಚು ಮುರಿಸಿಕೊಂಡರೂ ನಡೆಯುತ್ತದೆ ಎಂದು ಸಿಪಿಎ ತಾವಾಗಿಯೇ ಹೇಳಿಕೊಟ್ಟರೆ ಒಳ್ಳೆಯ ಲಕ್ಷಣ.

ಎರಡು, ಬೇಸ್‌ಮೆಂಟಿನಲ್ಲಿ ಪಾಠ ಬಿಟ್ಟು ಬೇರೇನು ನಡೆಯುತ್ತದೆ? ಮನೆಯ ಖರ್ಚಿನ ಒಂದು ಪಾಲನ್ನು ಆದಾಯದಲ್ಲಿ ಕಳೆಯಬೇಕಾದರೆ ಆ ಜಾಗ ಕೆಲಸಕ್ಕಷ್ಟೇ, ಅದೂ ನಿಯಮಿತವಾಗಿ ಬಳಕೆಯಾಗುತ್ತಿರಬೇಕು. ಪಾಠ ಮುಗಿದ ಮೇಲೆ ನಿಮ್ಮ ಮಕ್ಕಳು ಅಲ್ಲೇ ಟಿವಿ ನೋಡುತ್ತಾರೆಂದರೆ ಆ ಜಾಗ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಕೇಳದೆಯೇ 'ಹೋಮ್ ಆಫೀಸ್ ಹಾಕಿಬಿಡೋಣ' ಎನ್ನುವವರು ನಿಮ್ಮನ್ನು ಅಪಾಯಕ್ಕೆ ತಳ್ಳುತ್ತಿದ್ದಾರೆ.

ಮೂರು, ಊರಿನಲ್ಲಿ ಏನೇನಿದೆ? ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಅಪ್ಪ ತಮ್ಮ ಎಫ್‌ಡಿಗೆ ನಿಮ್ಮ ಹೆಸರನ್ನು ಜಂಟಿಯಾಗಿ ಸೇರಿಸಿದ್ದರೆ ಅದೂ ನಿಮ್ಮ ಖಾತೆಗಳ ಲೆಕ್ಕಕ್ಕೆ ಬರುತ್ತದೆ. ಹೊರದೇಶದ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಅದು ರಿಟರ್ನಿನ ಜೊತೆ ಹೋಗುವುದಲ್ಲ, ಬೇರೆಯಾಗಿ ಸಲ್ಲಿಸುವುದು. ಒಂದು ಡಾಲರ್ ತೆರಿಗೆ ಬಾಕಿ ಇಲ್ಲದಿದ್ದರೂ ಇದನ್ನು ಬಿಟ್ಟದ್ದಕ್ಕೆ ಸಾವಿರಾರು ಡಾಲರ್ ದಂಡ ಬೀಳಬಹುದು. ಭಾರತದ ಮ್ಯೂಚುವಲ್ ಫಂಡುಗಳಿಗೆ ಇಲ್ಲಿ ಇನ್ನೂ ಕಠಿಣವಾದ ನಿಯಮಗಳಿವೆ. ಹಿಂದಿನ ವರ್ಷಗಳಲ್ಲಿ ಇವೆಲ್ಲ ಬಿಟ್ಟುಹೋಗಿದ್ದರೆ ಹೆದರಬೇಡಿ, ಮುಚ್ಚಿಡಲೂ ಬೇಡಿ. ತಿಳಿಯದೆ ಆದ ತಪ್ಪನ್ನು ತಾವಾಗಿ ಸರಿಪಡಿಸಿಕೊಳ್ಳಲು ದಾರಿಗಳಿವೆ, ಅನುಭವಸ್ಥರು ತೋರಿಸುತ್ತಾರೆ.

ಯಾರ ಹತ್ತಿರ ಕೆಲಸ ಮಾಡಿಸಬಾರದು ಎಂಬುದನ್ನೂ ಹೇಳುತ್ತೇನೆ. ಕಾಗದ ನೋಡುವ ಮೊದಲೇ ಇಷ್ಟು ರಿಫಂಡ್ ಕೊಡಿಸುತ್ತೇನೆ ಎನ್ನುವವರು. ರಿಫಂಡಿನಲ್ಲಿ ಪಾಲು ಕೇಳುವವರು. ಆ ಹಣವನ್ನು ತಮ್ಮ ಖಾತೆಗೆ ಹಾಕಿಸಿಕೊಳ್ಳುವವರು. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ತೆಗೆದುಕೊಂಡು ರಿಟರ್ನಿನಲ್ಲಿ ತಮ್ಮ ಸಹಿಯನ್ನೂ ಪಿಟಿಐಎನ್ ಅನ್ನೂ ಹಾಕದವರು. ಸಹಿ ಹಾಕದವರು ನಾಳೆ ನಿಮ್ಮ ಜೊತೆ ನಿಲ್ಲುವುದಿಲ್ಲ.

ಇನ್ನು ಹತ್ತಿರದವರೇ ಬೇಕೆ ಎಂಬ ಪ್ರಶ್ನೆ. ಕಾಗದಪತ್ರವೆಲ್ಲ ಆನ್‌ಲೈನಿನಲ್ಲೇ ಹೋಗುವ ಈ ಕಾಲದಲ್ಲಿ ಮೈಲಿಗಳ ಲೆಕ್ಕ ಅಷ್ಟು ಮುಖ್ಯವಲ್ಲ, ರಾಜ್ಯದ ಲೆಕ್ಕ ಮುಖ್ಯ. ನಿಮ್ಮ ಮನೆಯವರು ದುಡಿಯುವುದು ನ್ಯೂಯಾರ್ಕಿನಲ್ಲಿ, ಸಂಸಾರ ಇರುವುದು ನ್ಯೂಜೆರ್ಸಿಯಲ್ಲಿ. ಎರಡೂ ರಾಜ್ಯಕ್ಕೆ ರಿಟರ್ನ್ ಹೋಗಬೇಕು; ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಪಡೆಯಬೇಕು. ದಿನವೂ ಇಂಥ ಸಂಸಾರಗಳ ಲೆಕ್ಕ ನೋಡುವವರು ನಿಮಗೆ ಬೇಕು. ಮೈಸೂರಿನಲ್ಲಿ ಆಸ್ತಿ ಇದ್ದರೆ, ಅಲ್ಲಿನ ರಿಟರ್ನಿಗೆ ಅಲ್ಲಿಯ ಸಿಎಯೇ ಇರಲಿ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುವಂತೆ ನೋಡಿಕೊಳ್ಳಿ. ಕನ್ನಡ ಮಾತಾಡುವವರು ಸಿಕ್ಕಿದರೆ ಸಂತೋಷ, ಆದರೆ ಭಾಷೆಯನ್ನೇ ಅರ್ಹತೆ ಎಂದುಕೊಳ್ಳಬೇಡಿ.

ಹುಡುಕುವುದಕ್ಕೆ ಮೇ ತಿಂಗಳಿಂದ ನವೆಂಬರ್ ತನಕ ಒಳ್ಳೆಯ ಕಾಲ. ಫೆಬ್ರುವರಿಯಿಂದ ಏಪ್ರಿಲ್ 15ರವರೆಗೆ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ, ನಿಮ್ಮ ಮಾತು ಪೂರ್ತಿ ಕೇಳಿಸಿಕೊಳ್ಳುವುದು ಕಷ್ಟ. ಯಾವ ಕೆಲಸ, ಎಷ್ಟು ಫೀಸು, ನೋಟಿಸ್ ಬಂದರೆ ಉತ್ತರಿಸುವುದು ಅದರಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಅಲ್ಲಿಯ ತನಕ ಇವತ್ತಿನಿಂದಲೇ ಒಂದು ಕೆಲಸ ಮಾಡಿ. ಪಾಠಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಹಿಂದೆ ಅಂಗಡಿಗಳಲ್ಲಿ ದಿನದ ಕಿರ್ದಿ ಬರೆಯುತ್ತಿದ್ದಂತೆ ಬಂದದ್ದು, ಹೋದದ್ದು ಎರಡನ್ನೂ ತಾರೀಖು ಹಾಕಿ ಬರೆದಿಡಿ, ರಸೀದಿ ಜೋಪಾನ ಮಾಡಿ. ರಿಟರ್ನಿನಲ್ಲಿ ಸಿಪಿಎ ಸಹಿಯ ಜೊತೆ ನಿಮ್ಮ ಸಹಿಯೂ ಇರುತ್ತದೆ, ಅದರಲ್ಲಿರುವುದೆಲ್ಲ ನಿಜ ಎಂದು ಹೇಳುವವರು ನೀವು. ಸಹಿಗೆ ಮುಂಚೆ ಪ್ರತಿ ಪುಟ ಓದಿ, ತಿಳಿಯದ ಸಾಲಿಗೆ ಬೆರಳಿಟ್ಟು ಕೇಳಿ. ಬೇಸರಿಸದೆ ಅದನ್ನು ಬಿಡಿಸಿ ಹೇಳುವವರು ಸಿಕ್ಕಿದರೆ ಮುಂದಿನ ವರ್ಷವೂ ಅವರ ಹತ್ತಿರವೇ ಹೋಗಿ.